ಸಣ್ಣಿಯ ಜಡೆ

ಆಷಾಢದ ಗಾಳಿ ಇವತ್ತು ಬೆಳಗಾಗುವ ಮುಂಚೆಯೇ ಎದ್ದುಬಿಟ್ಟಿದೆ, ಹನೂರಿನ ಬಸ್ ನಿಲ್ದಾಣದ ಧೂಳನ್ನೆಲ್ಲ ಬಾಚಿ ಮುಖಕ್ಕೆ ಎರಚುತ್ತಿದೆ, ಮೋಡ ಇದೆ, ಮಳೆ ಇಲ್ಲ, ಬೆಟ್ಟದ ಕಡೆಯಿಂದ ಬಂದ ಮೋಡ ನಿಲ್ಲದೆ ಓಡುತ್ತಿದೆ, ಭವ್ಯಳ ಕೂದಲು ಅವಳ ಮುಖದ ತುಂಬ — ಹೆಗಲವರೆಗೆ ಕತ್ತರಿಸಿದ ಕೂದಲು, ಜಡೆಗೆ ಸಿಕ್ಕದ್ದು, ಒಂದೇ ಸಮನೆ ಕಿವಿಯ ಹಿಂದಕ್ಕೆ ತಳ್ಳುತ್ತಾಳೆ, ಬಲಗೈಯಲ್ಲಿ ಮಾತ್ರ, ಎಡಗೈಯಲ್ಲಿ ಒಂದು ಬಟ್ಟೆಚೀಲ, ಸಿನಿಮಾಕ್ಕೆ ಹೋಗುವವಳಿಗೆ ಅದೆಂಥ ಚೀಲವೋ. ಬೇಕಂತಲೇ ತಳ್ಳುತ್ತಾಳೆ, ನೋಡಿ, ಕೊಟ್ಟವಳು ನಾನು ಅಂತ. ಎದುರಿನ ಗೋಡೆಯ ಮೇಲೆ ಪೋಸ್ಟರು ಪಟಪಟ ಬಡಿದುಕೊಳ್ಳುತ್ತಿದೆ, ಸಣ್ಣಿ ಭಾಗ ಎರಡು, ಕೊಲೆಗಾತಿ ಗೊಂಬೆ ಮತ್ತೆ ಬಂದಳು, ಗೊಂಬೆಯ ಜಡೆ ಮೇಲಿಂದ ಕೆಳಗಿನವರೆಗೆ ಹಾವಿನ ಹಾಗೆ ಇಳಿದಿದೆ. ಅದು ನನ್ನ ವಾರಗಿತ್ತಿ ಈ ಭವ್ಯಳ ಜಡೆ. ಮೊದಲ ಭಾಗದಲ್ಲಿ ಅದು ನನ್ನದಾಗಿತ್ತು. ಸೊಪ್ಪು ಮಾರುವ ನಾಗಯ್ಯ ಆಗೆಲ್ಲ ನನ್ನನ್ನು ದೂರದಿಂದಲೇ ನೋಡಿ ಪಕ್ಕದವನಿಗೆ ಕೂಗುತ್ತಿದ್ದ, ಸಣ್ಣಿ ಬಂದ್ಲು ಕಣ್ಲಾ, ಇಲ್ಲ ಅನ್ಬ್ಯಾಡ, ಕತ್ತಿಗೆ ಸುತ್ಬುಟ್ಟಾಳು, ಒಂದು ಕಟ್ಟು ಜಾಸ್ತಿ ಮಡಗು. ನಾನು ಬೈದಂತೆ ಮಾಡುತ್ತಿದ್ದೆ. ಇವತ್ತು ಅವನು ನನ್ನನ್ನು ದಾಟಿ ಅವಳನ್ನು ನೋಡಿದ, ಏನ್ ಭವ್ಯಕ್ಕ, ನಿಮ್ ಗೊಂಬೆ ನೋಡಕಾ, ಅಂದ. ನಿಮ್ ಗೊಂಬೆ.

ಬಸ್ಸು ಕಾಮಗೆರೆ ದಾಟಿತು, ಕಿಟಕಿ ಅವಳಿಗೆ, ನಾನೇ ಬಿಟ್ಟುಕೊಟ್ಟೆ, ಈಗ ಅವಳ ಕೂದಲೆಳೆ ಹಾರಿ ನನ್ನ ಕೆನ್ನೆಗೆ ತಾಕುತ್ತಿದೆ, ಇಷ್ಟು ಕತ್ತರಿಸಿದರೂ ಎಷ್ಟು ದಟ್ಟ, ತವರು ಯಳಂದೂರು, ಅಲ್ಲಿನ ಹೊಳೆನೀರಿನ ಗುಣ ಅಂತ ಅತ್ತೆ ಹೇಳುತ್ತಾರೆ, ನನ್ನದು ಯಾವ ನೀರಿನ ಗುಣ ಅಂತ ಅವರು ಯಾವತ್ತೂ ಹೇಳಲಿಲ್ಲ. ನನ್ನದು ಮೊಣಕಾಲು ಮುಟ್ಟುತ್ತಿತ್ತು. ಮೂರು ವರ್ಷದ ಹಿಂದೆ ಹೂಗ್ಯಂ ಹತ್ತಿರ ಕಾಡಂಚಿನ ಹೆಂಚಿನ ಮನೆಯಲ್ಲಿ ಶೂಟಿಂಗ್, ಊಟ ನಮ್ಮ ಮೆಸ್ಸಿನಿಂದ, ಬಡಿಸಲು ನಾನೇ ಹೋಗುತ್ತಿದ್ದೆ, ಮೇಕಪ್ಪಿನ ಶೀಲಾ ಮೇಡಂ ತಟ್ಟೆ ಹಿಡಿದವರು ಹಾಗೇ ನನ್ನ ಬೆನ್ನು ನೋಡುತ್ತ ನಿಂತುಬಿಟ್ಟರು, ಪವಿತ್ರಾ, ನಮ್ಮ ಗೊಂಬೆಯ ನೈಲಾನ್ ಕೂದಲು ದೀಪಕ್ಕೆ ಪೊರಕೆ ಥರ ಹೊಳೆಯುತ್ತೆ, ಇದನ್ನ ಕೊಡ್ತೀರಾ. ಇದು ನನ್ನದಲ್ಲ ಅಂತ ಆಗ ಹೇಳಬೇಕಿತ್ತು. ಅದರ ಹಿಂದಿನ ಕಾರ್ತೀಕದಲ್ಲಿ ಮಗಳು ಡೆಂಗಿ ಜ್ವರ ಬಂದು ಕೊಳ್ಳೇಗಾಲದ ಆಸ್ಪತ್ರೆಯ ಮಂಚದ ಮೇಲೆ ಬಾಡಿದ ಕಾಕಡದ ಹೂವಿನ ಹಾಗೆ ಮಲಗಿದ್ದಳು, ನಾನು ಮಾದಪ್ಪನ ಬೆಟ್ಟದ ದಿಕ್ಕಿಗೆ ತಿರುಗಿ ಕೈ ಮುಗಿದಿದ್ದೆ, ಮಾದಪ್ಪಾ, ಇವಳನ್ನ ಉಳಿಸಿಕೊಡು, ಈ ಮುಡಿ ನಿನ್ನದು. ಪಕ್ಕದಲ್ಲಿದ್ದವಳು ಭವ್ಯ ಒಬ್ಬಳೇ, ಮದುವೆಯಾಗಿ ಆರು ತಿಂಗಳಾಗಿತ್ತು, ಬರೀ ಬಾಯಲ್ಲಂದ್ರೆ ಮರ್ತೋಯ್ತದೆ ಕಣಕ್ಕ, ಗುರ್ತು ಕಟ್ಬೇಕು, ಅಂತ ತನ್ನ ಸೆರಗಿನಿಂದ ಒಂದೆಳೆ ಕಿತ್ತು, ಚೀಲದಲ್ಲಿದ್ದ ಅರಿಶಿನ ಸವರಿ, ನನ್ನ ಜಡೆಯ ತುದಿಗೆ ಕಟ್ಟಿದಳು, ಎರಡು ಗಂಟು, ಒಂದು ಮಗೀಗೆ, ಒಂದು ಮಾದಪ್ಪಂಗೆ. ಮಗಳು ಎದ್ದಳು, ಎದ್ದು ಗಂಜಿ ಕುಡಿದಳು, ಸ್ಕೂಲಿಗೆ ಹೋದಳು, ನಾನು ಬೆಟ್ಟಕ್ಕೆ ಹೋಗಲಿಲ್ಲ, ಮೆಸ್ಸು, ಶಿವರಾತ್ರಿ ಜನ, ಇವತ್ತು ನಾಳೆ — ಅಷ್ಟರಲ್ಲಿ ಶೀಲಾ ಮೇಡಂ ಕೈಯಲ್ಲಿ ಕತ್ತರಿ. ಈ ದಾರ ಬಿಚ್ಚಲಾ ಅಂದರು, ಇರಲಿ ಬಿಡಿ ಅಂದೆ. ಆಮೇಲೆ ಬೆಟ್ಟ ಹತ್ತಿ ಉಳಿದ ಮೋಟು ಕೂದಲಲ್ಲಿ ಮೂರು ಕತ್ತರಿ ಹಾಕಿಸಿಕೊಂಡು ಬಂದೆ, ಇಷ್ಟೇಯೇನವ್ವ ಅಂದ ಕತ್ತರಿಸುವವನು, ಮಾದಪ್ಪ ಅರ್ಥ ಮಾಡಿಕೊಳ್ಳುತ್ತಾನೆ ಅಂದುಕೊಂಡೆ, ದೇವರಿಗೆ ಎಲ್ಲ ಅರ್ಥವಾಗುತ್ತೆ ಅಂತ ನಾವು ಹೇಳಿಕೊಳ್ಳುವುದು ನಮಗೆ ನಾಚಿಕೆಯಾದಾಗಲೇ. ಅಜ್ಜಿ ಜಗುಲಿಯಲ್ಲಿ ಕೂತು ಕಥೆ ಹೇಳುವಾಗ ಅನ್ನುತ್ತಿದ್ದಳು, ಅವನೂ ಜಡೆಯ ದೇವ್ರು ಕಣ್ ಮಗ, ಜಡೆ ಲೆಕ್ಕ ಮರೆಯಾಕಿಲ್ಲ. ಮರೆಯಲಿಲ್ಲ. ಕತ್ತರಿಸಿದ ಮೇಲೆ ಬೆಳೆದದ್ದು ಇಲಿಬಾಲ, ಬಾಚಣಿಗೆಯ ತುಂಬ ಉದುರು.

ಕೊಳ್ಳೇಗಾಲದ ಟಾಕೀಸಿನ ಒಳಗೆ ಬೆಳಗಿನ ಆಟಕ್ಕೂ ಜನ, ಹುಡುಗರು ಆಗಲೇ ಶಿಳ್ಳೆ. ಪರದೆ ಬೆಳಗಿತು. ಮೊದಲ ಭಾಗ ಮುಗಿದಲ್ಲಿಂದಲೇ ಶುರು, ಪೂಜಾರಿ ಹಳೆಯ ಸಣ್ಣಿಯನ್ನು ಬೆಂಕಿಗೆ ಹಾಕುತ್ತಾನೆ, ಅಯ್ಯೋ, ನನ್ನ ಜಡೆ, ದೇವರಿಗೆಂದದ್ದು ಹೋಗಿ ಹೋಗಿ ಬೂದಿಯಾಯಿತೇ, ಉರಿಯಲ್ಲಿ ಆ ಹಳದಿ ದಾರವನ್ನು ಹುಡುಕಿದೆ, ಕಾಣಲಿಲ್ಲ, ಮೊದಲ ಭಾಗದಲ್ಲಿ ಸಣ್ಣಿ ಬೆನ್ನು ತಿರುಗಿಸಿದಾಗಲೆಲ್ಲ ಅದು ಕಾಣುತ್ತಿತ್ತು, ಗೌಡನ ಕತ್ತಿಗೆ ಜಡೆ ಸುತ್ತಿ ಬಿಗಿಯುವಾಗ ತುದಿಯಲ್ಲಿ ಹಳದಿ, ಜನ ಕಿರುಚಿದರು, ನಾನೊಬ್ಬಳೇ ಹೆಮ್ಮೆಯಿಂದ ಸೆರಗು ಕಚ್ಚಿಕೊಂಡು ನಕ್ಕಿದ್ದೆ, ಮಾದಪ್ಪನ ಮುಡಿ ಕೊಲೆ ಮಾಡುತ್ತಿದೆ ಅಂತ ಆಗ ಹೊಳೆಯಲಿಲ್ಲ. ಈಗ ಹೊಸ ಸಣ್ಣಿ. ಬೂದಿಯಿಂದ ಎದ್ದಳು, ಬೋಳು ತಲೆಯಿಂದ ಕೂದಲು ಉಕ್ಕಿತು, ಕರ್ರಗೆ, ಗುಂಗುರು, ಪರದೆಯ ತುಂಬ ಭವ್ಯಳ ಕೂದಲು, ಶಿಳ್ಳೆಯೋ ಶಿಳ್ಳೆ, ನನ್ನದಕ್ಕೆ ಇಷ್ಟು ಬಿದ್ದಿರಲಿಲ್ಲ. ಜಡೆ ಬಾಗಿಲ ಸಂದಿಯಲ್ಲಿ ತೂರಿತು, ತೊಟ್ಟಿಲ ಹಗ್ಗ ಹತ್ತಿತು, ಮೇಷ್ಟ್ರ ಕಾಲು ಹಿಡಿದು ಬಾವಿಗೆ ಎಳೆಯಿತು, ನನ್ನದು ಹೀಗೆಲ್ಲ ಮಾಡಿತ್ತೇ, ಬರೀ ಕತ್ತು ಬಿಗಿದಿತ್ತು. ಪಕ್ಕಕ್ಕೆ ನೋಡಿದೆ, ಭವ್ಯ ಕಣ್ಣು ಮುಚ್ಚಿಕೊಂಡಿದ್ದಾಳೆ, ಥೂ, ನಂಗೆ ಇಂಥವೆಲ್ಲ ಆಗಾಕಿಲ್ಲ ಕಣಕ್ಕ, ಮುಗೀತಾ ಯೋಳಿ, ಅನ್ನುತ್ತಾಳೆ. ನಾಟಕ. ಆಗದವಳು ಯಾಕೆ ಕೊಟ್ಟಳು. ಹೋದ ವರ್ಷ ಶೀಲಾ ಮೇಡಂ ಮತ್ತೆ ಮೆಸ್ಸಿಗೆ ಬಂದಾಗ ನಾನು ಹೊಸ ಸೀರೆ ಉಟ್ಟು ಕಾಫಿ ತಂದೆ, ಅವರ ಕಣ್ಣು ನನ್ನ ತಲೆಯ ಮೇಲೆ ಒಂದು ಗಳಿಗೆ ಕೂತು ಹಾರಿತು, ಕಾಗೆ ಒಣಗಿದ ಕೊಂಬೆಯಿಂದ ಹಾರುವ ಹಾಗೆ, ಹಿಂದೆ ಪಾತ್ರೆ ತೊಳೆಯುತ್ತಿದ್ದ ಭವ್ಯಳ ಬೆನ್ನ ಮೇಲೆ ಇಳಿಯಿತು. ಆ ಹೊತ್ತು ಅವಳು ಆಗಲ್ಲ ಅಂದಳು, ನಾನು ಉಸಿರು ಬಿಟ್ಟೆ. ಸಂಜೆ ನೋಡಿದರೆ ಹಿತ್ತಲ ಬೇಲಿಯ ಹತ್ತಿರ ಇಬ್ಬರೂ ಪಿಸಪಿಸ, ಇವಳೇ ಮೇಡಂ ಕೈ ಹಿಡಿದುಕೊಂಡು ಏನೋ ಬೇಡುತ್ತಿದ್ದಳು, ನನ್ನನ್ನು ಕಂಡು ಕೈ ಬಿಟ್ಟಳು, ಮಾರನೇ ದಿನ ಅವಳ ಜಡೆ ಇರಲಿಲ್ಲ. ಅತ್ತೆ ಹೌಹಾರಿದರು, ಅಲ್ಲ ಕಣೇ, ದುಡ್ಡೂ ಇಸ್ಕಳಿಲ್ವಂತೆ, ನಿಂಗೇನು ಗಾಳಿ ಗೀಳಿ ಮೆಟ್ಕತಾ. ನನಗೆ ಗೊತ್ತಿತ್ತು ಯಾವ ಗಾಳಿ ಅಂತ. ನಾನು ಸಣ್ಣಿಯಾದೆನಲ್ಲ, ಅದನ್ನು ಅವಳು ಸಹಿಸಲಿಲ್ಲ. ಅಂದಿನಿಂದ ದಿನಾ ದೀಪ ಹಚ್ಚಿ ಮನಸ್ಸು ತಿಳಿಮಾಡಪ್ಪಾ ಅಂತ ಬೇಡುತ್ತೇನೆ, ದೀಪ ನಿಶ್ಚಲ, ನಾನೇ ಅಲ್ಲಾಡುತ್ತೇನೆ, ಅವಳ ಕೂದಲು ಬೇಗ ಬೆಳೆಯದಿರಲಿ ಅಂತಲೂ ಅದೇ ಬಾಯಲ್ಲಿ ಬೇಡಿದ್ದೇನೆ.

ಹೊರಗೆ ಬಿಸಿಲು ಬಂದಿದೆ, ಗಾಳಿ ಹಾಗೇ ಇದೆ, ಹೇಗಿತ್ತಕ್ಕ ಅಂತ ಕೇಳುತ್ತಾಳೆ, ಚೆನ್ನಾಗಿತ್ತು ಕಣೇ, ನಿನ್ನ ಕೂದಲೇ ಹೀರೋಯಿನ್ನು, ಅಂದೆ, ನನ್ನ ಬಾಯಿ ನನಗೇ ಕಹಿ. ಬಸ್ಸು ಹತ್ತಿದಳು, ಬೋರ್ಡು ನೋಡಲಿಲ್ಲ ನಾನು, ಕಂಡಕ್ಟರಿಗೆ ಅವಳೇ ಹೇಳಿದಳು, ಬೆಟ್ಟಕ್ಕೆ ಎರಡು. ಬೆಟ್ಟಕ್ಕಾ, ಇವತ್ತಾ, ಮನೇಲಿ — ಅತ್ತೆಗೆ ಯೋಳಿದೀನಿ ಕಣಕ್ಕ, ಪಿಚ್ಚರ್ ನೋಡ್ಕಂಡು ಅಂಗೇ ಮಾದಪ್ಪಂಗೆ ಕೈ ಮುಕ್ಕಂಡು ಬತ್ತೀವಿ ಅಂತ. ಬಸ್ಸು ಮಧುವನಹಳ್ಳಿ ಬಿಟ್ಟಿತು, ಅವಳು ಬೆಳಗಿನಿಂದ ಹಿಡಿದಿದ್ದ ಆ ಬಟ್ಟೆಚೀಲದ ಬಾಯಿ ಬಿಚ್ಚಿದಳು, ಒಳಗಿಂದ ಮಡಿಬಟ್ಟೆಯ ಗಂಟೊಂದು, ನನ್ನ ಮಡಿಲಲ್ಲಿ ಇಟ್ಟಳು, ಮಲಗಿದ ಕೂಸನ್ನು ಇಡುವ ಹಾಗೆ. ಸೀಲಾ ಮೇಡಂಗೆ ಒಂದೇ ಮಾತಂದಿದ್ದೆ ಕಣಕ್ಕ, ನಂದು ತಕಳಿ, ಅಕ್ಕಂದು ಕೊಟ್ಬುಡಿ, ಅದು ದೇವ್ರುದು. ಅವರು ಸುಟ್ಟಿದ್ದು ನೈಲಾನು. ಮೊನ್ನೆ ಕಳ್ಸವ್ರೆ. ಮನೇಲಿ ಕೊಟ್ರೆ ಅತ್ತೆ ಏನು ಎತ್ತ ಅಂತ ಕೇಳೋರು, ಅದ್ಕೆ. ಅಷ್ಟೇ ಅಂದು ಕಿಟಕಿಯ ಕಡೆ ತಿರುಗಿದಳು, ಮೋಟು ಕೂದಲು ಗಾಳಿಗೆ ಮುಖದ ತುಂಬ, ಈ ಸಲ ಸರಿಸಲಿಲ್ಲ. ಅಳು ಬರಬೇಕಿತ್ತು ನನಗೆ, ಬರಲಿಲ್ಲ, ಬಂದದ್ದು ಅದೇ ಹಳೆಯ ಉರಿ, ಇದನ್ನೂ ಇವಳೇ ಮಾಡಿದಳಲ್ಲ, ನನ್ನ ಹರಕೆಯನ್ನೂ ನನಗಿಂತ ಚೆನ್ನಾಗಿ ಇವಳೇ ಕಾದಳಲ್ಲ, ಮಾದಪ್ಪಾ, ನಿನ್ನೆದುರು ಏನಂತ ನಿಲ್ಲಲಿ, ಬಸ್ಸು ಕುಲುಕಿತು, ಬಟ್ಟೆಯ ಮಡಿಕೆ ಸರಿಯಿತು, ಕರಿ ಜಡೆ, ಎಷ್ಟು ಕತ್ತಿಗೆ ಸುತ್ತಿ ಬಂದದ್ದು, ಬೆರಳು ತುದಿಗೆ ಹೋಯಿತು, ಅವಳ ಸೆರಗಿನ ಎಳೆ, ಅರಿಶಿನ ಮಾಸಿದೆ, ಬಿಚ್ಚಿಲ್ಲ, ಎರಡು ಗಂಟು, ಒಂದು ಮಗೀಗೆ, ಒಂದು — ಹಳದಿ ದಾರ, ಎರಡು ಗಂಟು, ಹಳದಿ ದಾರ