ಸೊಲ್ಮಿಗೆ ಹುಷಾರಿಲ್ಲ

ನಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಹಾಜರಿ ಹಾಕುವ ಕ್ರಮವೇ ತಲೆಕೆಳಗು. ಬಂದವರ ಹೆಸರಿನ ಮುಂದೆ ಏನೂ ಮಾಡಬೇಕಾಗಿಲ್ಲ. ಬಾರದವರನ್ನು ಮಾತ್ರ ಹುಡುಕಿ, ಯಾಕೆ ಬರಲಿಲ್ಲ ಎಂಬ ಕಾರಣ ಆರಿಸಿ ಒತ್ತಬೇಕು. ಮೇಷ್ಟ್ರು ಮರೆತು ಸುಮ್ಮನೆ ಕುಳಿತರೆ ಇಡೀ ತರಗತಿ ಹಾಜರು. ಇದನ್ನು ಮಾಡಿದ ಪುಣ್ಯಾತ್ಮ ಯಾರೋ, ಒಂದು ದಿನವಾದರೂ ಮಕ್ಕಳ ಎದುರು ನಿಂತವನಲ್ಲ ಎಂದು ನಾನು ಬೈಯುತ್ತಲೇ ಇದ್ದೆ. ನನ್ನದು ಹಳೇ ಕಾಲದ ಗಂಟಲು. ಹೆಸರು ಕೂಗಬೇಕು, ಆ ಕಡೆಯಿಂದ 'ಬಂದೆ ಸಾರ್' ಎನ್ನುವುದು ಕಿವಿಗೆ ಬೀಳಬೇಕು, ಆಗಲೇ ನನಗೆ ಸಮಾಧಾನ.

"ಸಾರ್, ನೀವು ಬೈದ್ರೆ ಕಂಪ್ಯೂಟರ್ ಅಳುತ್ತಾ?" ಎಂದು ಪಕ್ಕದ ತರಗತಿಯ ಪ್ಯೊ ಟೀಚರ್ ರೇಗಿಸುತ್ತಿದ್ದಳು. ನನ್ನ ಮಗಳ ವಯಸ್ಸಿನವಳು. ಪಾಸ್‌ವರ್ಡ್ ಮರೆತಾಗ, ಬರೆದದ್ದೆಲ್ಲ ಮಾಯವಾದಾಗ ನನಗೆ ಅವಳೇ ಗತಿ.

ಗು ಸೊಲ್ಮಿ ನಮ್ಮ ಶಾಲೆಯ ಕೊನೆಯ ತರಗತಿಯಾದ ಆರನೇ ತರಗತಿಯಲ್ಲಿ ನನ್ನ ವಿದ್ಯಾರ್ಥಿನಿ. ಮುಂದಿನ ಎರಡು ಹಲ್ಲುಗಳ ನಡುವೆ ಸಂದು, ಆ ಸಂದಿನಲ್ಲಿ ಸಿಳ್ಳೆ ಹಾಕುವುದರಲ್ಲಿ ನಿಸ್ಸೀಮಳು. ಬೇಸಿಗೆ ರಜೆಗೆ ಮುಂಚೆ ಅವಳಿಗೆ ರಕ್ತದ ಕಾಯಿಲೆ ಎಂದು ಗೊತ್ತಾಗಿ ಬುಸಾನಿನ ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಅಂದಿನಿಂದ ಬೆಳಿಗ್ಗೆ ಕಂಪ್ಯೂಟರ್ ತೆರೆದು, ಸೊಲ್ಮಿಯ ಹೆಸರು ಹುಡುಕಿ, 'ಅನಾರೋಗ್ಯ' ಎಂದು ಒತ್ತುವುದು ನನ್ನ ಮೊದಲ ಕೆಲಸವಾಯಿತು. ಸುಗ್ಗಿಯ ಚುಸೋಕ್ ಹಬ್ಬ ಬಂದು ಹೋಯಿತು. ಶಾಲೆಯ ಗೇಟಿನ ಗಿಂಕೋ ಮರಗಳು ಹಳದಿಯಾಗುವ ಹೊತ್ತಿಗೆ ಸೊಲ್ಮಿಯೂ ಹೋಗಿಬಿಟ್ಟಳು.

ಅವಳ ತಾಯಿ ಟೋಂಗ್‌ಯೊಂಗ್ ಬಂದರಿನಲ್ಲಿ ಸಮುದ್ರದ ಸಿಂಪಿಯ ಚಿಪ್ಪು ಬಿಡಿಸುವ ಶೆಡ್ಡಿನಲ್ಲಿ ಕೆಲಸ ಮಾಡುತ್ತಾರೆ. ಊರಿಗೆಲ್ಲ ಅವರು ಸೊಲ್ಮಿಯಮ್ಮ. ಸ್ವಂತ ಹೆಸರು ನನಗೂ ಗೊತ್ತಿಲ್ಲ. ಗಂಡ ದೂರದ ಸಮುದ್ರಕ್ಕೆ ಹೋಗುವ ಮೀನಿನ ಹಡಗಿನವನು. ಸುದ್ದಿ ತಲುಪಿ ಅವನು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸಾವಿನ ಮನೆಯಲ್ಲಿ ನಾನು ಮಗುವಿನ ಚಿತ್ರಕ್ಕೆ ಬಗ್ಗಿ ನಮಸ್ಕರಿಸಿ, ಸಾವಿಗೆ ಬಂದವರಿಗೆಲ್ಲ ನಮ್ಮಲ್ಲಿ ಬಡಿಸುವ ಖಾರದ ಮಾಂಸದ ಸಾರಿನ ಮುಂದೆ ಕುಳಿತಿದ್ದೆ. ಸೊಲ್ಮಿಯಮ್ಮ ಬಂದು ಎದುರಿಗೆ ಕುಳಿತರು.

"ಮೇಷ್ಟ್ರೇ, ಒಂದು ಕೇಳ್ಲಾ?"

"ಕೇಳಮ್ಮ."

"ಹೆಸರು ತೆಗೀಬೇಡಿ. ಫೆಬ್ರವರಿಲಿ ಎಲ್ಲಾ ಮಕ್ಕಳ ಹೆಸರೂ ಕರೆದು ಬೀಳ್ಕೊಡ್ತೀರಲ್ಲ, ಅಲ್ಲೀವರೆಗೂ ಇರ್ಲಿ. ಅವತ್ತು ಅವಳ ಹೆಸರೂ ಕರೀರಿ. ಪ್ರಮಾಣಪತ್ರ ನಾನು ಬಂದು ತಗೋತೀನಿ."

"ಆಯ್ತಮ್ಮ," ಎಂದೆ. ಆ ಹೊತ್ತಿನಲ್ಲಿ ಇನ್ನೇನು ಹೇಳಲಿ? ಸಮುದ್ರವನ್ನೇ ಬತ್ತಿಸಿಕೊಡಿ ಎಂದಿದ್ದರೂ ಆಯ್ತಮ್ಮ ಎನ್ನುತ್ತಿದ್ದೆ.

ಮಕ್ಕಳು ಸೊಲ್ಮಿಯ ಮೇಜಿನ ಮೇಲೆ ಬಿಳಿ ಸೇವಂತಿಗೆ ಇಟ್ಟರು. ಬಾಡಿದರೆ ಬದಲಾಯಿಸಿದರು. ನಾನು ಕಂಪ್ಯೂಟರಿನಲ್ಲಿ ಏನನ್ನೂ ಬದಲಾಯಿಸಲಿಲ್ಲ. ದಿನವೂ ಅವಳ ಹೆಸರು ಹುಡುಕಿ 'ಅನಾರೋಗ್ಯ' ಎಂದು ಒತ್ತಿದೆ. ಒತ್ತದಿದ್ದರೆ ಅವಳು ಹಾಜರಾಗಿಬಿಡುತ್ತಿದ್ದಳಲ್ಲ.

ಉಪಮುಖ್ಯೋಪಾಧ್ಯಾಯಿನಿ ಬಾನ್ ಮೇಡಂ ನನ್ನನ್ನು ಕರೆಸಿದರು. "ತಾಕ್ ಮೇಷ್ಟ್ರೇ, ಆ ಮಗೂದು ಇನ್ನೂ ಮುಗಿಸಿಲ್ಲ ನೀವು. ವಿನಾಯಿತಿ ಅಂತ ಹಾಕ್ಬೇಕಲ್ವಾ?"

ಸತ್ತ ಮಗುವಿಗೆ ಆ ತಂತ್ರಾಂಶದವರು ಇಟ್ಟ ಹೆಸರು ಅದು. ಕಡ್ಡಾಯ ಓದಿನಿಂದ ವಿನಾಯಿತಿ. ಕಾಲು ಉಳುಕಿದವನಿಗೆ ಆಟದ ಪೀರಿಯಡ್ಡಿನಿಂದ ಸಿಗುತ್ತದಲ್ಲ, ಹಾಗೆ. ನನ್ನ ಮೈ ಉರಿದುಹೋಯಿತು.

"ಮರಣಪತ್ರ ಬಂದಿಲ್ಲ ಮೇಡಂ."

"ಕೇಳಿದ್ರೆ ತಾನೆ ಬರೋದು!"

"ನನಗೆ ಕೇಳೋಕೆ ಬಾಯಿ ಬರಲ್ಲ. ಸಿಂಪಿ ಶೆಡ್ಡು ಇಲ್ಲೇ ಇದೆ, ನೀವೇ ಹೋಗಿ ಕೇಳಿ."

ಅವರು ಕನ್ನಡಕ ತೆಗೆದು ಒರೆಸಿದರು. ಕೆಟ್ಟ ಹೆಂಗಸಲ್ಲ. ಸಾವಿನ ಮನೆಗೆ ಅವರೂ ಬಂದಿದ್ದರು, ಮಗುವಿನ ಚಿತ್ರದ ಮುಂದೆ ನನಗಿಂತ ಹೆಚ್ಚು ಹೊತ್ತು ತಲೆ ಬಗ್ಗಿಸಿದ್ದರು. "ಬೀಳ್ಕೊಡುಗೆಗೆ ಮುಂಚೆ ಮುಗಿಸಿ, ನಂಗೇನೂ ಗೊತ್ತಿಲ್ಲ," ಎಂದು ಕಳಿಸಿದರು. ಮುಂಚೆ ಮುಗಿಸುವ ಉದ್ದೇಶ ನನಗಿರಲಿಲ್ಲ. ಹೆಸರು ಕರೆಯುವುದು, ತಾಯಿಯ ಕೈಗೆ ಪ್ರಮಾಣಪತ್ರ ಕೊಡುವುದು, ಮಾರನೆಯ ದಿನ ಬೇಕಾದರೆ ಆ ಹಾಳು ಗುಂಡಿ ಒತ್ತುವುದು. ಇಷ್ಟೇ ನನ್ನ ಲೆಕ್ಕಾಚಾರ. ಬೈಸಿಕೊಳ್ಳುವುದಕ್ಕೆ ನಾನು ತಯಾರಾಗಿಯೇ ಇದ್ದೆ.

ಡಿಸೆಂಬರಿನಲ್ಲಿ ಆರನೇ ತರಗತಿಯವರ ಪಟ್ಟಿ ಪರದೆಯ ಮೇಲೆ ಬಂತು. ಯಾವ ಮಗು ಯಾವ ಮಾಧ್ಯಮಿಕ ಶಾಲೆಗೆ ಎಂಬ ಚೀಟಿಯನ್ನು ಶಿಕ್ಷಣ ಕಚೇರಿಯ ಯಂತ್ರವೇ ಎತ್ತುವುದು. ಅದಕ್ಕೆ ಮುಂಚೆ ಹೆಸರುಗಳು ಸರಿಯಿವೆಯೇ ಎಂದು ಮೇಷ್ಟ್ರು ನೋಡಿ ಒಪ್ಪಬೇಕು. ನೋಡಿದೆ. ಮಕ್ಕಳೆಲ್ಲ ಇದ್ದರು, ಸೊಲ್ಮಿಯೂ ಇದ್ದಳು. ನನ್ನ ಕಣ್ಣಿಗೆ ಅದು ಸರಿಯಾಗಿಯೇ ಕಂಡಿತು. ಒಪ್ಪಿದೆ ಎಂದು ಒತ್ತಿ, ಊಟಕ್ಕೆ ಹೋದೆ.

ಚೀಟಿ ಎತ್ತಿದ ಫಲಿತಾಂಶ ಬಂದ ದಿನ ಪ್ಯೊ ಟೀಚರ್ ಮುಖ ಬಿಳಿಚಿಕೊಂಡು ನನ್ನ ಕೋಣೆಗೆ ಬಂದಳು.

"ಸಾರ್, ಸೊಲ್ಮಿಗೆ ಸೀಟು ಬಂದಿದೆ."

"ಏನು?"

"ಬೆಟ್ಟದ ಮೇಲಿನ ಹೆಣ್ಮಕ್ಕಳ ಶಾಲೆ. ಅಪ್ಪ ಅಮ್ಮಂದಿರ ಫೋನಿಗೆಲ್ಲಾ ಮೆಸೇಜು ಹೋಗಿಬಿಟ್ಟಿದೆ ಸಾರ್. 'ಅಭಿನಂದನೆಗಳು, ನಿಮ್ಮ ಮಗಳು' ಅಂತ. ಯೂನಿಫಾರ್ಮ್ ಅಳತೆ ಕೊಡೋ ದಿನಾನೂ ಹಾಕಿದ್ದಾರೆ."

ನಾನು ಕೋಟು ಸಹ ಹಾಕಿಕೊಳ್ಳದೆ ಬಂದರಿಗೆ ಓಡಿದೆ. ಶೆಡ್ಡಿನ ಹೆಂಗಸರು ಸಿಂಪಿಯ ರಾಶಿಯ ಮುಂದೆ ಸಾಲಾಗಿ ನಿಂತಿದ್ದರು, ಸೊಲ್ಮಿಯಮ್ಮನ ಜಾಗ ಖಾಲಿ. "ಇವತ್ತು ರಜಾ ಹಾಕಿದಾಳೆ ಮೇಷ್ಟ್ರೇ, ಪೇಟೇಲಿ ಏನೋ ಕೆಲ್ಸ ಅಂತೆ," ಎಂದಳೊಬ್ಬಳು. "ಮಗಳು ಹೋದ್ಮೇಲೆ ಮೊದಲ್ನೇ ಸಲ ತಲೆ ಬಾಚ್ಕೊಂಡು ಹೋದ್ಲು ನೋಡಿ, ಪಾಪ." ಫೋನ್ ಮಾಡಿದೆ, ಎತ್ತಲಿಲ್ಲ. ಮಾರನೆಯ ದಿನವೂ ಎತ್ತಲಿಲ್ಲ. ಯಂತ್ರವನ್ನು ಬೈಯೋಣವೆಂದರೆ ಅದರ ತಪ್ಪೇನೂ ಇರಲಿಲ್ಲ. ಸೊಲ್ಮಿ ಇದ್ದಾಳೆ ಎಂದು ನಾನು ಹೇಳಿದೆ, ಅದು ನಂಬಿತು.

ಎರಡು ಮೂರು ದಿನ ಬಿಟ್ಟು, ಮಕ್ಕಳೆಲ್ಲ ಮನೆಗೆ ಹೋದ ಮೇಲೆ, ಸೊಲ್ಮಿಯಮ್ಮ ತಾವಾಗಿಯೇ ತರಗತಿಗೆ ಬಂದರು. ಕೈಯಲ್ಲಿ ಒಂದು ಚೀಲ ಕಿತ್ತಳೆಹಣ್ಣು. ಮಗಳ ಮೇಜಿನ ಸೇವಂತಿಗೆಯನ್ನು ಒಮ್ಮೆ ಮುಟ್ಟಿ ನೋಡಿ, ನನ್ನ ಮೇಜಿನ ಪಕ್ಕದ ಮಕ್ಕಳ ಕುರ್ಚಿಯಲ್ಲಿ ಕುಳಿತರು.

"ಅಮ್ಮಾ, ಆ ಮೆಸೇಜು..." ಎಂದು ಶುರುಮಾಡಿದೆ.

"ಬಿಡಿ ಮೇಷ್ಟ್ರೇ. ಬೈಯೋಕೆ ಬಂದಿಲ್ಲ. ಎರಡು ದಿನ ನಾನು ದೊಡ್ಡ ಸ್ಕೂಲ್ ಹುಡುಗೀ ಅಮ್ಮ ಆಗಿದ್ದೆ." ನಗಲು ನೋಡಿದರು. "ಪೇಟೆಗೆ ಹೋಗಿ ಯೂನಿಫಾರ್ಮಿಗೆ ಅಳತೇನೂ ಕೊಟ್ಟು ಬಂದೆ. ಅವಳ ಹಳೇ ಫ್ರಾಕು ತಗೊಂಡು ಹೋಗಿದ್ದೆ. 'ಹುಡುಗಿ ಎಲ್ಲಿ' ಅಂದ್ರು. 'ಹುಷಾರಿಲ್ಲ' ಅಂದೆ."

ಅವರು ಕಿತ್ತಳೆಯ ಚೀಲವನ್ನು ಮಡಿಲಿಗೆ ಎಳೆದುಕೊಂಡರು.

"ಮನೆಗೆ ಬಂದು ಮಲಗಿದಾಗ ಯೋಚನೆ ಬಂತು. ಮಾರ್ಚಲ್ಲಿ ಆ ಸ್ಕೂಲಲ್ಲಿ ಹೆಸರು ಕರೀತಾರೆ, 'ಗು ಸೊಲ್ಮಿ' ಅಂತ. ಯಾರೂ ಏಳಲ್ಲ. ಯಾರೋ ಅದು, ಮೊದಲ್ನೇ ದಿನಾನೇ ಚಕ್ಕರ್ ಹೊಡೆದೋಳು ಅಂತ ಮಕ್ಕಳು ನಗ್ತಾರೆ. ಅಲ್ಲಿ ಒಬ್ಬರೂ ಅವಳ ಮುಖ ನೋಡಿಲ್ಲ ಮೇಷ್ಟ್ರೇ. ಅವಳ ಸಿಳ್ಳೆ ಕೇಳಿಲ್ಲ. ತೆಗೆದುಬಿಡಿ. ಇಲ್ಲೇ ನಿಂತುಬಿಡ್ಲಿ ಅವಳು, ನಿಮ್ಮ ಕ್ಲಾಸಲ್ಲಿ."

"ಹಾಗೆ ಮಾಡಿದ್ರೆ ಬೀಳ್ಕೊಡುಗೆ ಪಟ್ಟಿಯಲ್ಲೂ ಹೆಸರು ಇರಲ್ಲಮ್ಮ. ಇಲ್ದಿದ್ರೇನು, ಅವತ್ತು ನಾನು ಬಾಯಲ್ಲೇ ಕರೀತೀನಿ."

"ಬೇಡ. ನೀವು ಕರೆದ್ರೆ ಅವಳು ಎದ್ಲಾ ಅಂತ ನಾನು ತಿರುಗಿ ನೋಡ್ತೀನಿ."

ಕಂಪ್ಯೂಟರ್ ತೆರೆದೆ. ಇತರರಿಗೆ ತೋರಿಸಬಾರದೆಂಬ ನಿಯಮವಿದೆ, ಇರಲಿ. ಸೊಲ್ಮಿಯ ಹೆಸರು ಒತ್ತಿದಾಗ ಅವಳ ಇಡೀ ವರ್ಷದ ಹಾಜರಿ ಪರದೆಯ ಮೇಲೆ ಹರಡಿಕೊಂಡಿತು. ಸೊಲ್ಮಿಯಮ್ಮ ಮುಂದೆ ಬಗ್ಗಿ ನೋಡಿದರು. ಸಿಂಪಿಯ ಚಿಪ್ಪು ಕುಯ್ದ ಗೆರೆಗಳಿದ್ದ ಬೆರಳನ್ನು ಪರದೆಯ ಮೇಲೆ ಇಟ್ಟರು.

"ಇದೇನಿದು, ಇಷ್ಟೊಂದು ಗುರುತು?"

"ಅನಾರೋಗ್ಯ ಅಂತಮ್ಮ."

"ಇದು ನವೆಂಬರ್ ಅಲ್ವಾ? ಇದು ಡಿಸೆಂಬರ್." ಅವರ ದನಿ ಕುಸಿಯಿತು. "ಹೋದ ಮೇಲೂ ದಿನಾ ಹುಷಾರಿಲ್ಲ ಅಂತಾನೇ ಬರೆದ್ರಾ?"

"ಹೌದಮ್ಮ."

"ನಾನೂ ಹಾಗೇ ಅಂದ್ಕೊಂಡು ಏಳ್ತಿದ್ದೆ," ಎಂದರು.

ಆಮೇಲೆ ಅವರ ಬೆರಳು ನವೆಂಬರಿನ ಒಂದು ಖಾಲಿ ಚೌಕದ ಮೇಲೆ ನಿಂತಿತು. "ಇಲ್ಲಿ ಏನೂ ಇಲ್ವಲ್ಲ?"

ನನಗೆ ನೆನಪಿತ್ತು. ಮಕ್ಕಳೆಲ್ಲ ಸೇರಿ ಚಳಿಗಾಲಕ್ಕೆ ಕಿಮ್ಚಿ ಹಾಕಿದ ದಿನ ಅದು. ಬೆಳಿಗ್ಗೆಯಿಂದ ಎಲೆಕೋಸಿಗೆ ಖಾರ ಮೆತ್ತುವ ಗಲಾಟೆ, ಒಬ್ಬನ ಕಣ್ಣಿಗೆ ಮೆಣಸಿನಪುಡಿ, ಇನ್ನೊಬ್ಬಳ ಜಡೆಯೆಲ್ಲ ಬೆಳ್ಳುಳ್ಳಿ. "ಅವತ್ತು ಗಡಿಬಿಡೀಲಿ ಗುರುತು ಹಾಕೋದು ಮರೆತೆ. ಹಾಕದಿದ್ರೆ ಬಂದಿದ್ರು ಅಂತ ಲೆಕ್ಕ."

"ಅಂದ್ರೆ ಅವತ್ತು ಸೊಲ್ಮಿ ಬಂದಿದ್ಲು."

"ಬಂದಿದ್ಲಮ್ಮ."

"ಕಿಮ್ಚಿ ಅಂದ್ರೆ ಅವಳಿಗೆ ಆಗ್ತಿರ್ಲಿಲ್ಲ. ನೀರಲ್ಲಿ ತೊಳೆದು ತಿನ್ನೋಳು. ನಾನು ಬೈತಿದ್ದೆ." ಮೂಗು ಒರೆಸಿಕೊಂಡರು. "ಬೈಬಾರದಿತ್ತು."

ನನಗೆ ತಡೆಯಲಾಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋಗಿ, ಮುಖ ಸರಿ ಮಾಡಿಕೊಂಡು ಬಂದೆ.

'ವಿನಾಯಿತಿ' ಆರಿಸಿದೆ. ದಿನಾಂಕ ಕೇಳಿತು. ಸೊಲ್ಮಿಯಮ್ಮ ತಂದಿದ್ದ ಮರಣಪತ್ರ ಮುಂದಿಟ್ಟು ಮೆಲ್ಲಗೆ ಹೇಳಿದರು, ನಾನು ಹಾಕಿದೆ. ಆಮೇಲೆ ಒಂದು ಸಾಲು ಬಂತು. ಈ ದಿನಾಂಕದ ನಂತರದ ಹಾಜರಿಯೆಲ್ಲ ಅಳಿಸಿಹೋಗುತ್ತದೆ, ಮುಂದುವರಿಸಬೇಕೆ? ಅವರು ಅದನ್ನು ಓದಿದರು. ನಾನು ಅವರ ಮುಖ ನೋಡಿದೆ.

"ಕಿಮ್ಚಿ ದಿನಾನೂ ಹೋಗುತ್ತಾ?"

"ಹೋಗುತ್ತಮ್ಮ."

ಅವರು ಚೀಲದಿಂದ ಒಂದು ಕಿತ್ತಳೆ ತೆಗೆದು, ಸುಲಿಯದೆ ಅಂಗೈಯಲ್ಲಿ ಹಿಡಿದುಕೊಂಡೇ ಕುಳಿತರು. "ಒತ್ತಿ," ಎಂದರು ಕೊನೆಗೆ. ಒತ್ತಿದೆ. ಶರತ್ಕಾಲ, ಚಳಿಗಾಲ ಎರಡೂ ಪರದೆಯಿಂದ ಹೋದವು.

ಆ ಹೆಣ್ಣುಮಕ್ಕಳ ಶಾಲೆಗೆ ನಾನೇ ಫೋನ್ ಮಾಡಿ ವಿಷಯ ತಿಳಿಸಿದೆ. ಸೊಲ್ಮಿಯಮ್ಮ ಹೊರಟವರು ಬಾಗಿಲಲ್ಲಿ ನಿಂತರು. "ಮೇಷ್ಟ್ರೇ, ಯೂನಿಫಾರ್ಮ್ ಅಂಗಡಿಗೂ ಹೇಳ್ಬೇಕು, ಬೇಡ ಅಂತ. ನನ್ನ ಕೈಲಿ ಆಗಲ್ಲ. ಜೊತೆಗೆ ಬರ್ತೀರಾ? ನೀವೇ ಹೇಳಿಬಿಡಿ."

ಬಸ್ಸಿನಲ್ಲಿ ಹೋಗುವಾಗ ದಾರಿಯುದ್ದಕ್ಕೂ ಆ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಕಷ್ಟವೇನಿದೆ, ಎರಡೇ ಮಾತು, ಮೇಷ್ಟ್ರಾಗಿ ಅಷ್ಟು ಹೇಳಲಾರೆನೇ ಎಂದು ನನಗೆ ನಾನೇ ಗದರಿಕೊಂಡೆ.

ಅಂಗಡಿಯ ತುಂಬ ತಾಯಂದಿರು, ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಳ್ಳುವ ಹುಡುಗಿಯರು. ಕೊರಳಿಗೆ ಅಳತೆ ಟೇಪು ಹಾಕಿಕೊಂಡಿದ್ದ ಮುದುಕ ನಮ್ಮನ್ನು ನೋಡಿದವನೇ, "ಬನ್ನಿ ಬನ್ನಿ! ಮಗಳು ಇನ್ನೂ ಹುಷಾರಾಗಿಲ್ವಾ? ಇವ್ರು ಅಪ್ಪನಾ?" ಎಂದ.

"ಅವಳ ಮೇಷ್ಟ್ರು," ಎಂದರು ಸೊಲ್ಮಿಯಮ್ಮ.

"ಮೇಷ್ಟ್ರೇ ಬಂದ್ಬಿಟ್ರಾ! ಪುಣ್ಯವಂತೆ ಬಿಡಿ ನಿಮ್ಮ ಮಗಳು." ಮುದುಕ ಒಳಗಿನಿಂದ ಬಟ್ಟೆ ತಂದು ಮೇಜಿನ ಮೇಲೆ ಹರಡಿದ. ನೀಲಿ ಕೋಟು, ಬೂದು ಲಂಗ. ಕೋಟಿನ ಎದೆಯ ಮೇಲೆ ಬಿಳಿ ದಾರದಲ್ಲಿ ಗು ಸೊಲ್ಮಿ ಎಂದು ಹೊಲಿದಾಗಿತ್ತು. ಅವನು ಲಂಗದ ಅಂಚನ್ನು ತಿರುವಿ ತೋರಿಸಿದ. "ಈ ವಯಸ್ಸಲ್ಲಿ ಹುಡುಗೀರು ರಾತ್ರಿ ಬೆಳಗಾಗೋದ್ರಲ್ಲಿ ಉದ್ದ ಆಗ್ತಾರೆ. ಅದಕ್ಕೇ ನೋಡಿ, ಒಳಗೆ ಇಷ್ಟು ಬಟ್ಟೆ ಮಡಚಿ ಹೊಲಿದಿದೀನಿ. ಮೂರು ವರ್ಷಕ್ಕೂ ಸಾಕು. ಗಿಡ್ಡ ಆದಾಗೆಲ್ಲ ತನ್ನಿ, ಬಿಚ್ಚಿ ಕೊಡ್ತೀನಿ."

ಈಗ ಹೇಳಬೇಕು. ನಾನು ಬಾಯಿ ತೆರೆದೆ. ಸೊಲ್ಮಿಯಮ್ಮ ನನ್ನ ತೋಳು ಬಿಗಿಯಾಗಿ ಹಿಡಿದರು. ಇನ್ನೊಂದು ಕೈಯಿಂದ ಆ ಮಡಿಕೆಯನ್ನು ಈ ತುದಿಯಿಂದ ಆ ತುದಿಯವರೆಗೆ ಸವರಿ, ಎಷ್ಟಿದೆಯೆಂದು ಬೆರಳಿನಿಂದ ಅಳೆದು ನೋಡಿದರು.

"ಇನ್ನೂ ಒಂಚೂರು ಜಾಸ್ತಿ ಬಿಡಬೇಕಿತ್ತು ಅಣ್ಣಾ," ಎಂದರು. "ಅವರಪ್ಪ ತುಂಬಾ ಎತ್ತರ."