ಬುಧವಾರದ ಖಾಲಿ ಜಾಗ

ಬೇಲಿಯಾಚೆಯ ಮನೆಗೆ ತಕ್ಕಡಿ ರಿಪೇರಿಯವರು ಬಂದು ಸೇರಿದ ಮರುದಿನವೇ ಸಸಿಯಕ್ಕನ ಎದೆಯಲ್ಲಿ ಹಳೆಯ ಹುಳವೊಂದು ಹೊರಳಿತು.

ಬೆಳಗ್ಗೆ ಆರೂವರೆ ಇರಬಹುದು. ಚಳಿ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಕೆಲಸಕ್ಕೆ ಹೊರಡುವ ಮುಂಚೆ ಅವಳು ಹಿತ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಗುಲಾಬಿಯ ಬುಡ ಕೆದಕುತ್ತಿದ್ದಳು. ಬೇಲಿಯ ಸಂದಿಯಲ್ಲಿ ಮುದುಕರೊಬ್ಬರು ಬೋರಲು ಹಾಕಿದ ಪೆಟ್ಟಿಗೆಯ ಮೇಲೆ ಕೂತು ಅವಳ ಸೀಬೆಮರವನ್ನೇ ನೋಡುತ್ತಿರುವುದು ಕಾಣಿಸಿತು. ಅವರು ಜೇಬಿನಿಂದ ಅಂಗೈಯಗಲದ ಪುಸ್ತಕ ತೆಗೆದರು. ಮೊದಲು ಕೈಗಡಿಯಾರ ನೋಡಿದರು. ಪೆನ್ಸಿಲಿನ ಮೊನೆಯನ್ನು ನಾಲಗೆಗೆ ಮುಟ್ಟಿಸಿ ಏನೋ ಬರೆದರು. ಪುಸ್ತಕ ಮುಚ್ಚಿ ದಾರವನ್ನು ಮೂರು ಸುತ್ತು ಸುತ್ತಿ, ಕೊನೆಯ ಸುತ್ತನ್ನು ಅಡಿಗೆ ಸಿಕ್ಕಿಸಿದರು.

ಸಸಿಯಕ್ಕನ ಕೈ ಮಣ್ಣಿನಲ್ಲೇ ನಿಂತಿತು. ಆ ಮೂರು ಸುತ್ತನ್ನು ಅವಳು ಹುಟ್ಟಿದಾಗಿನಿಂದ ಮೂವತ್ತೆಂಟು ವರ್ಷ ನೋಡಿದ್ದಳು.

ಅವಳು ಹುಟ್ಟಿ ಬೆಳೆದದ್ದು ಸಭೆಯಲ್ಲಿ. ಹೊರಗಿನವರು ಅದನ್ನು ಒಂದು ಪಂಥ ಎನ್ನುತ್ತಿದ್ದರು, ಒಳಗಿನವರಿಗೆ ಅದು ಸಭೆ, ಅಷ್ಟೆ. ಅಲ್ಲಿ ಹೂಗಿಡ ನೆಡುವಂತಿರಲಿಲ್ಲ. ತಿನ್ನುವ ಗಿಡ ನೆಡಬಹುದು, ಅದೂ ಸಾಲಾಗಿ. ಕಿಟಕಿಯಾಚೆ ಕಾರಣವಿಲ್ಲದೆ ನೋಡುವುದಕ್ಕೆ ಕಣ್ಣು ಅಲೆಯುವ ತಪ್ಪು ಎಂಬ ಹೆಸರಿತ್ತು. ಬೀದಿಗೊಬ್ಬ ಕಾವಲುಗಣ್ಣು. ಯಾರು ನಕ್ಕರು, ಯಾರು ಕನ್ನಡಿಯ ಮುಂದೆ ಹೆಚ್ಚು ಹೊತ್ತು ನಿಂತರು ಎಂಬುದನ್ನೆಲ್ಲ ಗಂಟೆ ಸಮೇತ ಬರೆದಿಟ್ಟುಕೊಂಡು, ವಾರದ ಕೊನೆಗೆ ಎಲ್ಲರೆದುರು ಎದ್ದು ನಿಂತು ಓದುವುದು ಅವನ ಕೆಲಸ. ಆ ಪುಸ್ತಕಕ್ಕೆ ದಾರ ಮೂರು ಸುತ್ತು.

ಸಭೆ ಬಿಟ್ಟು ನಾಲ್ಕು ವರ್ಷವಾಗಿತ್ತು. ಈಗ ಅವಳಿಗೆ ಕಾಲುವೆಯ ಪಕ್ಕ ಎರಡು ಕೋಣೆಯ ಬಾಡಿಗೆ ಮನೆ. ಹಗಲೆಲ್ಲ ಸಸಿಗಳ ನರ್ಸರಿಯಲ್ಲಿ ಪ್ಲಾಸ್ಟಿಕ್ ಚೀಲಗಳಿಗೆ ಗೊಬ್ಬರಮಣ್ಣು ತುಂಬಿ ಸಸಿ ಕೂರಿಸುವ ಕೆಲಸ. ಅಲ್ಲಿನವರೇ ಸಸಿಯಕ್ಕ ಎಂದು ಕರೆದು ಆ ಹೆಸರೇ ನಿಂತುಬಿಟ್ಟಿತ್ತು. ಹಿತ್ತಿಲಲ್ಲಿ ಅವಳು ಯಾವುದನ್ನೂ ಸಾಲಾಗಿ ನೆಟ್ಟಿರಲಿಲ್ಲ. ಬಳ್ಳಿ ಎಲ್ಲಿ ಹಬ್ಬಬೇಕೆನ್ನುತ್ತದೋ ಅಲ್ಲಿ ಹಬ್ಬಲಿ ಎಂದು ಬಿಟ್ಟಿದ್ದಳು. ನಲ್ಲಿಯ ಕೆಳಗಿನ ಕೊಚ್ಚೆಯಲ್ಲಿ ಕಪ್ಪೆಗಳಿದ್ದವು. ಸೌದೆ ರಾಶಿಯಲ್ಲಿ ಮುಂಗುಸಿ ಸಂಸಾರ ಹೂಡಿತ್ತು.

ತನ್ನ ಮಟ್ಟಿಗೆ ಅವಳಿಗೆ ಹೆದರಿಕೆ ಇರಲಿಲ್ಲ. ಬಿಟ್ಟವಳನ್ನು ಇನ್ನೇನು ಮಾಡುತ್ತಾರೆ? ಹೆದರಿಕೆ ಇದ್ದದ್ದು ತಂಗಿಯ ವಿಷಯಕ್ಕೆ. ತಂಗಿ ಇನ್ನೂ ಒಳಗೇ ಇದ್ದಳು, ಗಂಡ ಮತ್ತು ಇಬ್ಬರು ಹೆಣ್ಣುಮಕ್ಕಳೊಂದಿಗೆ. ಪ್ರತಿ ಬುಧವಾರ ಹಿಟ್ಟಿನ ಗಿರಣಿಗೆ ಬರುವ ನೆಪದಲ್ಲಿ, ಚೀಲವನ್ನು ಅಲ್ಲಿಟ್ಟು, ಕಾಲುವೆಯ ಏರಿಯ ಮೇಲೆ ನಡೆದು ಹಿತ್ತಿಲ ಬಾಗಿಲಿನಿಂದ ಬರುತ್ತಿದ್ದಳು. ನಾಲ್ಕರಿಂದ ಐದು, ಒಂದೇ ಗಂಟೆ. ಬಿಟ್ಟವರೊಂದಿಗೆ ಮಾತಾಡಿದ್ದು ಗೊತ್ತಾದರೆ ಮಾತಾಡಿದವರನ್ನೂ ಹೊರಗೆ ಹಾಕುತ್ತಾರೆ, ಮಕ್ಕಳನ್ನು ಒಳಗೇ ಇಟ್ಟುಕೊಳ್ಳುತ್ತಾರೆ. ಅದು ಸಭೆಯ ಲೆಕ್ಕ.

ಸಸಿಯಕ್ಕ ಅಂದು ಸಂಜೆಯೇ ಮನೆಯ ಒಡತಿ ಅಜ್ಜಿಯ ಬಳಿ ಹೋಗಿ ಕೂತಳು. ಎರಡೂ ಮನೆ ಅಜ್ಜಿಯದೇ.

“ಆಚೆ ಮನೆಯವರು ಎಲ್ಲಿಂದ ಬಂದ್ರಜ್ಜಿ?”

“ಎಲ್ಲಿಂದಲೋ. ತಕ್ಕಡಿ ರಿಪೇರಿ ಮಾಡ್ತಾರೆ. ಸಂಸಾರ ಇಲ್ಲ, ಸದ್ದಿಲ್ಲ. ಹಕ್ಕಿ ನೋಡಿ ಬರ್ಕೋತಾರಂತೆ.”

“ಹಕ್ಕಿ ಬರ್ಕೊಂಡು ಏನ್ಮಾಡ್ತಾರೆ?”

“ನಾನೇನು ಹಕ್ಕಿನಾ, ನನ್ನ ಕೇಳ್ತೀಯಲ್ಲ! ಅಲ್ಲ ಕಣೇ, ನಿನ್ನ ಅನುಮಾನಕ್ಕೆ ಕೊನೆ ಇಲ್ವಾ? ನಿನ್ನ ನೆರಳು ಕಂಡರೂ ಯಾರ ಕಡೆಯವನು ನೀನು ಅಂತ ವಿಚಾರಿಸ್ತೀಯ.”

ಸಸಿಯಕ್ಕ ನಗಲಿಲ್ಲ. ಹತ್ತು ದಿನ ಕಾದು ಒಂದು ಬೆಳಗ್ಗೆ ಬೇಲಿಯ ಬಳಿ ತಾನೇ ಹೋಗಿ ನಿಂತಳು.

“ಏನು ಬರೀತೀರಿ ದಿನಾ?”

“ಕಂಡದ್ದನ್ನ,” ಎಂದರು ತಕ್ಕಡಿಯವರು.

ಯಾರು ಕೇಳಿದರೂ ಕಾವಲುಗಣ್ಣುಗಳು ಕೊಡುತ್ತಿದ್ದ ಉತ್ತರ ಇದೇ, ಇಷ್ಟೇ.

ಅವರು ಅವಳ ಮುಖವನ್ನು ಗಮನಿಸಲಿಲ್ಲ, ಅಥವಾ ಗಮನಿಸದವರಂತೆ ಇದ್ದರು. “ನಿಮ್ಮ ನಲ್ಲಿ ಹತ್ರ ಒಂದು ಕುಂಡೆಕುಸ್ಕ ಬರ್ತಿತ್ತು ನೋಡಿ, ಹಳದಿ ಹೊಟ್ಟೇದು. ಮೂರು ದಿನದಿಂದ ಇಲ್ಲ. ಹೋಯ್ತು ಅದು. ಚಳಿಗೆ ಬರುತ್ತೆ, ಬಿಸಿಲು ಏರೋ ಮುಂಚೆ ಹೊರಡುತ್ತೆ. ಇನ್ನು ಮುಂದಿನ ಚಳಿವರೆಗೆ ಒಂದೂ ಕಾಣಲ್ಲ.”

“ಏನು ಹೆಸರಂದ್ರಿ?”

“ಕುಂಡೆಕುಸ್ಕ. ಸುಮ್ನೆ ನಿಲ್ಲಲ್ಲ ಅದು, ಹಿಂದೆ ಕುಣಿಸ್ತಾನೇ ಇರುತ್ತೆ. ಅದಕ್ಕೇ ಆ ಹೆಸರು.”

ಸಭೆಯಲ್ಲಾಗಿದ್ದರೆ ಆ ಹೆಸರು ಬಾಯಿಗೆ ಬಂದದ್ದೇ ಒಂದು ಪುಟ ಆಗುತ್ತಿತ್ತು. ಅವಳಿಗೆ ನಗು ಬಂತು, ಬಂದ ನಗುವನ್ನು ಹಲ್ಲಿನ ಹಿಂದೆಯೇ ಹಿಡಿದಳು. ನಗಿಸಿ ಬಾಯಿ ಬಿಡಿಸುವ ಕಾವಲುಗಣ್ಣುಗಳನ್ನೂ ಕಂಡವಳು ಅವಳು.

ಮುಂದಿನ ಬುಧವಾರ ಅವಳು ತಂಗಿಯನ್ನು ಬಾಗಿಲಲ್ಲೇ ತಡೆದಳು.

“ಸ್ವಲ್ಪ ದಿನ ಬರಬೇಡ ಕಣೇ. ಆಚೆ ಮನೆಯವರ ಮೇಲೆ ನನಗೆ ನಂಬಿಕೆ ಇಲ್ಲ.”

“ಅಕ್ಕಾ, ನಿನಗೆ ಯಾರ ಮೇಲಿತ್ತು ನಂಬಿಕೆ? ಚಿಕ್ಕವಳಿದ್ದಾಗ ನನ್ನ ಮೇಲೂ ಇರಲಿಲ್ಲ.” ತಂಗಿ ಪಕ್ಕಕ್ಕೆ ಸರಿದು ಒಳಗೆ ಬಂದು, ಸೀಬೆಮರದ ಕೆಳಗೆ ಕಾಲು ಚಾಚಿ ಕೂತೇಬಿಟ್ಟಳು. “ವಾರಕ್ಕೆ ನೂರ ಅರವತ್ತೇಳು ಗಂಟೆ ಅವರ ಹತ್ರ ಇರ್ತೀನಿ. ಇದೊಂದು ಗಂಟೆ ನಂದು. ಮುಂಗುಸಿ ಮರಿ ಹಾಕಿದೆಯಾ, ತೋರಿಸು ಮೊದಲು.”

ಬೇಲಿಯಾಚೆ ಪೆಟ್ಟಿಗೆ ಖಾಲಿಯಿತ್ತು. ಖಾಲಿ ಇದ್ದದ್ದೂ ಸಸಿಯಕ್ಕನಿಗೆ ಸರಿ ಕಾಣಲಿಲ್ಲ. ದಿನವೂ ಸಂಜೆ ಅಲ್ಲೇ ಇರುವವರು ಬುಧವಾರ ಮಾತ್ರ ಎಲ್ಲಿ ಹೋಗುತ್ತಾರೆ? ಕಿಟಕಿಯ ಹಿಂದೆ ನಿಂತಿದ್ದಾರೆಯೇ?

ಅವಳಿಗೆ ಅಮ್ಮ ನೆನಪಾದಳು. ಮನೆಯ ಮಾತನ್ನು ಕಾವಲುಗಣ್ಣಿಗೆ ಮುಟ್ಟಿಸುವವರು ಯಾರೆಂದು ಕಂಡುಹಿಡಿಯಲು ಸಭೆಯ ಹೆಂಗಸರಲ್ಲಿ ಒಂದು ಉಪಾಯವಿತ್ತು. ಅನುಮಾನ ಬಂದ ಒಬ್ಬೊಬ್ಬರ ಕಿವಿಗೂ ಬೇರೆ ಬೇರೆ ಸಣ್ಣ ಸುಳ್ಳೊಂದನ್ನು ಹಾಕುವುದು. ವಾರದ ಕೊನೆಗೆ ಯಾವ ಸುಳ್ಳು ಓದಿಸಿಕೊಳ್ಳುತ್ತದೋ ನೋಡುವುದು. ಗುರುತಿನ ಸುಳ್ಳು ಎನ್ನುತ್ತಿದ್ದಳು ಅಮ್ಮ. ಆದರೆ ತಂಗಿಗೆ ತಾಗದಂಥ ಸುಳ್ಳು ಅವಳಿಗೆ ಹೊಳೆಯಲಿಲ್ಲ.

ಬಿಸಿಲು ಏರಿತು. ಅದೇ ದಿನಗಳಲ್ಲಿ ಒಂದು ಭಾನುವಾರ ಬೂದು ಅಂಗಿಯ ಇಬ್ಬರು ತಕ್ಕಡಿಯವರ ಮನೆಯಿಂದ ಇಳಿದು ಹೋಗುವುದನ್ನು ಅವಳು ಬಟ್ಟೆ ಒಣಹಾಕುತ್ತಾ ಕಂಡಳು. ಬೂದು ಅಂಗಿ, ಕುತ್ತಿಗೆಯವರೆಗೆ ಗುಂಡಿ. ಸಭೆಯ ಹಿರಿಯರು. ಅವಳ ಕೈಯಲ್ಲಿದ್ದ ಒದ್ದೆ ಸೀರೆ ಮಣ್ಣಿಗೆ ಬಿತ್ತು.

ಮರುದಿನ ಅವಳು ನರ್ಸರಿಗೆ ಹೋಗಲಿಲ್ಲ. ಬೇಲಿಯ ಸಂದಿಗೆ ಕಣ್ಣು ಹಚ್ಚಿ ಕೂತಳು. ಕಾವಲುಗಣ್ಣನ್ನು ಕಾಯುತ್ತಿರುವ ತಾನು ಈಗ ಏನಾದೆ ಎಂಬ ಯೋಚನೆ ಬಂದರೂ ಎದ್ದು ಹೋಗಲಿಲ್ಲ. ಹತ್ತು ಗಂಟೆಗೆ ಬೀದಿ ಕಡೆಯಿಂದ ಯಾರೋ ಕೂಗಿದರು: “ತಕ್ಕಡಿಯವರೇ, ಮುಳ್ಳು ನಡುವಿಗೆ ನಿಲ್ಲಲ್ಲ ನೋಡ್ರಿ ಇದರದ್ದು!” ಅವರು ಪುಸ್ತಕವನ್ನು ಪೆಟ್ಟಿಗೆಯ ಮೇಲಿಟ್ಟು ಒಳಗೆ ಹೋದರು. ಸಸಿಯಕ್ಕ ಬೇಲಿಯ ಮುಳ್ಳಿನಲ್ಲಿ ತೋಳು ತೂರಿಸಿ ಅದನ್ನು ಎಳೆದುಕೊಂಡಳು.

ದಾರ ಬಿಚ್ಚಿದಳು. ಪುಟ ತಿರುವಿದಳು. ಆರು ನಲವತ್ತು, ಸೀಬೆಮರ, ಅಳಿಲು ಎರಡು. ಏಳು ಗಂಟೆ, ಮಿಂಚುಳ್ಳಿ, ಕಾಲುವೆ ಕಡೆಗೆ. ಐದು ಹತ್ತು, ಉಡ, ಸೌದೆ ರಾಶಿ, ನಾಲಗೆ ಚಾಚಿತು. ಬರೀ ಇಂಥವೇ. ಮನುಷ್ಯರ ಸುದ್ದಿಯೇ ಇಲ್ಲ. ಅವಳು ಉಸಿರು ಬಿಡುವವಳಿದ್ದಳು, ಅಷ್ಟರಲ್ಲಿ ಅದು ಕಣ್ಣಿಗೆ ಬಿತ್ತು. ಬುಧವಾರ: ಮೂರು ಐವತ್ತು, ಗಿಳಿ ಏಳು. ಆಮೇಲೆ ಆರೇಳು ಸಾಲಿನಷ್ಟು ಖಾಲಿ ಜಾಗ. ಐದು ಐದು, ಕಾಗೆ ಒಂದು. ಹಿಂದಿನ ಬುಧವಾರವೂ ಹಾಗೇ. ಅದರ ಹಿಂದಿನದೂ. ಎಣಿಸಿದಳು. ಒಂಬತ್ತು ಬುಧವಾರ, ಒಂಬತ್ತು ಖಾಲಿ ಜಾಗ, ನಾಲ್ಕರಿಂದ ಐದು.

“ಮುಳ್ಳು ತಾಗಿ ರಕ್ತ ಬರ್ತಿದೆ ನಿಮ್ಮ ಕೈಯಲ್ಲಿ,” ಎಂದು ಬೇಲಿಯಾಚೆಯಿಂದ ಮಾತು ಬಂತು.

ಅವಳು ಪುಸ್ತಕವನ್ನು ಬಚ್ಚಿಡಲಿಲ್ಲ. “ನೀವು ಕಾವಲುಗಣ್ಣು.”

“ಆಗಿದ್ದೆ. ಬೇರೆ ಊರಿನ ಸಭೆಯಲ್ಲಿ, ಹದಿನೈದು ವರ್ಷ.” ಅವರು ಪೆಟ್ಟಿಗೆಯ ಮೇಲೆ ಕೂತರು. “ಬಿಟ್ಟು ಆರು ವರ್ಷ ಆಯ್ತು.”

“ನಿನ್ನೆ ಬಂದಿದ್ದೋರು?”

“ನಿಮ್ಮ ಮನೆಗೂ ಬಂದಿರಬೇಕಲ್ಲ ಒಂದೆರಡು ಸಲ? ವಾಪಸ್ ಬಾ ಅಂತ ಕರೆಯೋಕೆ. ಪುಸ್ತಕ ಕೇಳಿದ್ರು, ಕೊಟ್ಟೆ. ಬಚ್ಚಿಟ್ಟಿದ್ರೆ ಅನುಮಾನ ಜಾಸ್ತಿ ಆಗ್ತಿತ್ತು. ನಾಲ್ಕು ಪುಟ ತಿರುವಿ, ಇವನಿಗೆ ತಲೆ ಕೆಟ್ಟಿದೆ ಅಂತ ನಕ್ಕು ಹೋದ್ರು. ಮತ್ತೆ ಬರ್ತಾರಂತೆ.”

“ಬುಧವಾರ ಯಾಕೆ ಖಾಲಿ?”

ಅವರು ಕೈಯಲ್ಲಿದ್ದ ಪುಟ್ಟ ತೂಕದ ಕಲ್ಲನ್ನು ಬೆರಳಲ್ಲಿ ಉರುಳಿಸಿದರು. “ಮೊದಲ ಬುಧವಾರ ಇಬ್ಬರ ನಗು ಕೇಳಿಸ್ತು. ಬಾಗಿಲ ಹತ್ರ ಬಂದವರ ಮೈಮೇಲೆ ಸಭೆಯ ಉಡುಪು ಕಾಣಿಸ್ತು. ಗೊತ್ತಾಯ್ತು. ಅವತ್ತಿಂದ ಆ ಒಂದು ಗಂಟೆ ನಾನು ಬೀದಿ ಕಡೆ ಕೋಣೇಲಿ ಗೋಡೆ ನೋಡ್ಕೊಂಡು ಕೂರ್ತೀನಿ. ಕಾಣದ ಹೊತ್ತನ್ನ ಖಾಲಿ ಬಿಡೋದು ನನ್ನ ಪದ್ಧತಿ.” ಕಲ್ಲನ್ನು ಜೇಬಿಗೆ ಹಾಕಿ ಹೇಳಿದರು: “ಸಭೆಯಲ್ಲಿ ನಾನು ಕೊನೆಗೆ ಬರೆದದ್ದು ನನ್ನ ಸೊಸೆ ಹೆಸರು. ಗುಬ್ಬಿಗೆ ಕಾಳು ಹಾಕ್ತಿದ್ದಳು, ಕಿಟಕೀಲಿ. ಏಳೂ ಕಾಲು. ನಾನೇ ಓದಿದೆ, ಎದ್ದು ನಿಂತು. ಮಗ ಅವಳ ಜೊತೆ ಹೋದ. ಎಲ್ಲಿದ್ದಾರೋ.”

ಸಸಿಯಕ್ಕನಿಗೆ ಕರುಣೆ ಬರಬೇಕಿತ್ತು. ಬಂದದ್ದು ಸಿಟ್ಟು. ಅವಳು ಪುಸ್ತಕವನ್ನು ತೆರೆದು ಬೇಲಿಯ ಮೇಲಿಂದ ಅವರ ಮುಖಕ್ಕೆ ಹಿಡಿದಳು.

“ಹದಿನೈದು ವರ್ಷ ಮಾಡಿದೋರಿಗೆ ಇದು ಕಾಣಲ್ವಾ? ದಿನಾ ತುಂಬಿದೆ. ಬುಧವಾರ ಮಾತ್ರ ಒಂದು ಗಂಟೆ ಬಾಯಿ ಬಿಟ್ಕೊಂಡು ಕೂತಿದೆ. ನೀವಾಗಿದ್ರೆ ಇದನ್ನ ನೋಡಿ ಏನು ಅಂದ್ಕೋತಿದ್ರಿ?”

ತಕ್ಕಡಿಯವರು ನೋಡಿದರು. “ಹೊಸಬರಿಗೆ ನಾನೇ ಹೇಳಿಕೊಡ್ತಿದ್ದೆ,” ಎಂದರು ಸಣ್ಣ ದನಿಯಲ್ಲಿ. “ವಾರದಲ್ಲಿ ಒಂದೇ ದಿನ ಮುಚ್ಚೋ ಕಿಟಕಿ ಯಾವುದು, ಅದನ್ನ ಹುಡುಕಿ ಅಂತ.” ಕೈ ಚಾಚಿದರು. “ಕೊಡಿ, ಹರಿದು ಹಾಕ್ತೀನಿ.”

“ನಿನ್ನೆ ನೋಡಿ ಹೋಗಿದ್ದಾರಲ್ಲ! ಹರಿದ ಪುಟ ಖಾಲಿ ಪುಟಕ್ಕಿಂತ ಜೋರಾಗಿ ಮಾತಾಡುತ್ತೆ. ನಗ್ತಾ ತಿರುವಿದೋರು ಖಾಲಿ ಜಾಗ ಗಮನಿಸಿರಲಿಕ್ಕಿಲ್ಲ. ತುಂಬಿ.”

“ಕಾಣದ್ದನ್ನ ನಾನು ಬರೆಯಲ್ಲ. ತೂಕದವನು ನಾನು. ಇಲ್ಲದ್ದನ್ನ ತಟ್ಟೆಗೆ ಹಾಕಲ್ಲ.”

“ನಾನು ಕಂಡಿದ್ದೀನಿ. ನಾನು ಹೇಳ್ತೀನಿ, ನೀವು ಬರೀರಿ.”

ಅವರು ಪುಸ್ತಕ ಇಸಿದುಕೊಂಡು ಪೆನ್ಸಿಲ್ ತೆಗೆದರು. ಸಸಿಯಕ್ಕ ಬೇಲಿಗೆ ಒರಗಿ ನೆನಪು ಮಾಡಿಕೊಳ್ಳತೊಡಗಿದಳು. ಮೊದಲ ಬುಧವಾರ ಏನಿತ್ತು? ತಂಗಿ ದೊಡ್ಡ ಮಗಳ ಜ್ವರದ ಸುದ್ದಿ ಹೇಳುತ್ತಿದ್ದಳು. ಆಗ ತಲೆಯ ಮೇಲೆ ಟಕಟಕ ಸದ್ದಾಗಿ ಇಬ್ಬರೂ ತಲೆ ಎತ್ತಿದ್ದರು. “ಮರಕುಟಿಗ. ಬೆನ್ನು ಬಂಗಾರದ ಬಣ್ಣ. ನಾಲ್ಕು ಇಪ್ಪತ್ತು.” ಎರಡನೆಯದು? ತಂಗಿಯ ಸೆರಗಿನ ಮೇಲೆ ಹಸಿರು ಮಿಡತೆ ಕೂತು ಹೋಗಲೊಲ್ಲದೆ, ಅವಳು ಅದನ್ನು ಗಿರಣಿಯವರೆಗೂ ಹೊತ್ತುಕೊಂಡೇ ಹೋಗಿದ್ದಳು. ಐದನೆಯದು ಮುಂಗುಸಿ, ಮರಿಗಳು ಮೂರು, ಒಂದರ ಹಿಂದೊಂದು. ಕೇರೆಹಾವು ಪೊರೆ ಬಿಟ್ಟು ಹೋದದ್ದು ಯಾವ ವಾರ? ಏಳನೆಯದು. ತಂಗಿ ಆ ಪೊರೆಯನ್ನು ಬೆಳಕಿಗೆ ಹಿಡಿದು, ಇದು ಎಷ್ಟು ಸುಲಭವಾಗಿ ಕಳಚಿಕೊಂಡಿತು ನೋಡಕ್ಕ ಎಂದಿದ್ದಳು. ಆ ಮಾತನ್ನು ಸಸಿಯಕ್ಕ ಬರೆಸಲಿಲ್ಲ, ಹಾವನ್ನು ಮಾತ್ರ ಬರೆಸಿದಳು. ಇಷ್ಟೆಲ್ಲ ನೋಡಿದ್ದೇನೆಂದು ಅವಳಿಗೇ ಗೊತ್ತಿರಲಿಲ್ಲ.

ಒಂಬತ್ತನೆಯದು ಉಳಿಯಿತು. ಕಳೆದ ಬುಧವಾರ, ಉರಿಬಿಸಿಲು. ಅಂದು ಕಂಡದ್ದು ಒಂದು ಜೊತೆ ಗುಬ್ಬಿ. ಅವಳು ಬಾಯಿ ತೆರೆದಳು. ಆಗ ಅಮ್ಮ ಒಳಗಿನಿಂದ ತಿವಿದಂತಾಯಿತು.

“ಕುಂಡೆಕುಸ್ಕ,” ಎಂದಳು. “ಹಳದಿ ಹೊಟ್ಟೇದು. ನಲ್ಲಿ ಹತ್ರ. ನಾಲ್ಕೂವರೆ.”

ಪೆನ್ಸಿಲ್ ನಿಂತಿತು. ತಕ್ಕಡಿಯವರು ತಲೆ ಎತ್ತಿ ಅವಳನ್ನು ಬಹಳ ಹೊತ್ತು ನೋಡಿದರು. ಅವಳೂ ಕಣ್ಣು ತಪ್ಪಿಸಲಿಲ್ಲ. ಗುರುತಿನ ಸುಳ್ಳಿನ ವಿಷಯ ಕಾವಲುಗಣ್ಣುಗಳಿಗೂ ಗೊತ್ತಿಲ್ಲದ್ದೇನಲ್ಲ.

“ಈ ಬಿಸಿಲಲ್ಲಿ,” ಎಂದರು ಅವರು.

“ಹೂಂ. ಈ ಬಿಸಿಲಲ್ಲೇ.”

ಅವರು ಪೆನ್ಸಿಲಿನ ಮೊನೆಯನ್ನು ನಾಲಗೆಗೆ ಮುಟ್ಟಿಸಿದರು. ಮೊದಲು ಗಂಟೆ ಬರೆದರು. ಆಮೇಲೆ ಹಕ್ಕಿಯ ಹೆಸರು, ಅದರ ಬಣ್ಣ, ನಲ್ಲಿ. ಪ್ರತಿ ಅಕ್ಷರವನ್ನೂ ಕಲ್ಲು ಎತ್ತಿಟ್ಟಂತೆ ಇಟ್ಟರು. ದಾರವನ್ನು ಮೂರು ಸುತ್ತು ಸುತ್ತಿ ಒಳಗೆ ಹೋದರು, ಆ ದಿನ ಮತ್ತೆ ಹೊರಗೆ ಬರಲಿಲ್ಲ.

ಎರಡು ದಿನ ಬಿಟ್ಟು ಬುಧವಾರ. ತಂಗಿ ಬಂದಳು. ಅದರ ಮುಂದಿನ ಬುಧವಾರವೂ ಬಂದಳು.

“ಈ ವಾರ ಸಭೆಯಲ್ಲಿ ಏನು ಓದಿದ್ರು?” ಎಂದು ಸಸಿಯಕ್ಕ ಎರಡನೆಯ ಸಲವೂ ಕೇಳಿದಳು.

“ಅದೇ ಹಾಡು. ಒಬ್ಬಳು ಕನ್ನಡಿ ನೋಡಿದಳು. ಒಬ್ಬ ನಿದ್ದೇಲಿ ನಕ್ಕ.”

“ಹಕ್ಕಿ ಗಿಕ್ಕಿ ಸುದ್ದಿ ಏನಾದ್ರೂ?”

“ಹಕ್ಕೀನಾ? ನಿನಗೇನಾಗಿದೆ ಅಕ್ಕ?”

ಬೇಲಿಯಾಚೆ ಪೆಟ್ಟಿಗೆ ಕಿರುಗುಟ್ಟಿತು. ಸಸಿಯಕ್ಕ ತಟ್ಟನೆ ತಿರುಗಿದಳು. ತಕ್ಕಡಿಯವರು ಬಂದು ಕೂತಿದ್ದರು, ಇತ್ತ ಬೆನ್ನು ಹಾಕಿಕೊಂಡು, ಬೋಳು ಗೋಡೆಯನ್ನು ನೋಡುತ್ತಾ. ಪುಸ್ತಕ ತೊಡೆಯ ಮೇಲೆ ತೆರೆದಿತ್ತು.

“ಈ ಗಂಟೆಗೆ ಬರೆಯೋಕೆ ಏನಾದ್ರೂ ಇದೆಯಾ?” ಎಂದು ಅವರು ಗೋಡೆಗೆ ಹೇಳಿದಂತೆ ಕೇಳಿದರು.

ಇಲ್ಲ ಎನ್ನಲು ಸಸಿಯಕ್ಕ ಬಾಯಿ ತೆರೆಯುವುದಕ್ಕೂ, ತಂಗಿ ಮಕ್ಕಳಂತೆ ಕೈ ಎತ್ತಿ ಮರದತ್ತ ಬೊಟ್ಟು ಮಾಡುವುದಕ್ಕೂ ಸರಿಹೋಯಿತು.

“ಅಗೋ, ಚಂದ್ರಮುಕುಟ! ಜುಟ್ಟು ಬಿಚ್ಚಿದೆ ನೋಡಿ!”

ಆ ದನಿ ಬೇಲಿ ದಾಟಿ ಹೋಗಿಯಾಗಿತ್ತು. ಸಸಿಯಕ್ಕ ತಂಗಿಯ ಮೊಣಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅವಳ ಕಣ್ಣು ಹಕ್ಕಿಯ ಮೇಲಿರಲಿಲ್ಲ. ಬೇಲಿಯ ಸಂದಿಯಲ್ಲಿ ಮುದುಕರ ಬಲಗೈ ಮಾತ್ರ ಕಾಣುತ್ತಿತ್ತು. ಅದು ಗಂಟೆ ಬರೆಯಿತು, ಇನ್ನೊಂದೆರಡು ಪದ ಬರೆಯಿತು, ಪುಸ್ತಕ ಮುಚ್ಚಿ ದಾರ ಸುತ್ತತೊಡಗಿತು. ಅವಳು ದಾರದ ಸುತ್ತುಗಳನ್ನು ಎಣಿಸುತ್ತಾ ಕೂತಳು.