ಟಗರಿನ ಕೊಂಬು ಸಾಹೇಬರ ಕೈಯಲ್ಲಿ

“ಹುಲ್ಲಿನ ಮೇಲೆ ಕೂರ್ಬೇಡ, ಲಾನ್ ಹಾಳಾಗ್ತದೆ. ಆಚೆ ಸಿಮೆಂಟಿಗೆ ಹೋಗು. ಮಂಡೆ ಸಮ ಇಲ್ವಾ ನಿಂಗೆ, ಬೇವರ್ಸಿ?”

ಮುಂಬೈ ಪವಾಯಿಯ ಆ ದೊಡ್ಡ ವಸತಿ ಸೊಸೈಟಿಯ ಸೆಕ್ರೆಟರಿ ಚೆನ್ನಯ ಸಾಹೇಬರು ಉಣ್ಣೆ ಕತ್ತರಿಸಲು ಬಂದ ಖಂಡಪ್ಪನನ್ನು ಹೀಗೆ ಬೈಯುತ್ತಿದ್ದಾಗ ಆರು ಕುರಿಗಳು ಅದೇ ಹುಲ್ಲಿನ ಮೇಲೆ ನಿಂತು ಹಿಕ್ಕೆ ಹಾಕುತ್ತಿದ್ದವು. ಅವಕ್ಕೆ ಯಾರೂ ಏನೂ ಅನ್ನಲಿಲ್ಲ. ಹುಲ್ಲು ಕತ್ತರಿಸುವ ಮಶೀನಿನ ಸದ್ದಿಗೆ ಮೇಲಿನ ಮಹಡಿಯವರ ನಿದ್ದೆ ಕೆಡುತ್ತದೆಂದು ಸಾಕಿದ ಕುರಿಗಳು, ಅವುಗಳ ದರ್ಜೆಯೇ ಬೇರೆ. ನಿನ್ನೆ ಅವಕ್ಕೆ ಶಾಂಪೂ ಸ್ನಾನವಾಗಿತ್ತು. ಖಂಡಪ್ಪನಿಗೆ ಬೆಳಿಗ್ಗೆಯಿಂದ ಒಂದು ಲೋಟ ನೀರು ಸಿಕ್ಕಿರಲಿಲ್ಲ.

ಖಂಡಪ್ಪ ಕುರ್ಲಾದ ಝೋಪಡಿಯವನು, ಕಾಂಕ್ರೀಟ್ ಹೊರುವ ಆಳು. ಆದರೆ ಹುಟ್ಟಾ ಕುರುಬ, ಅಪ್ಪನ ಕತ್ತರಿಯನ್ನು ಜೋಪಾನ ಮಾಡಿಟ್ಟುಕೊಂಡಿದ್ದ. ಮುಂದಿನ ತಿಂಗಳು ಮಗಳು ಮಹಾದೇವಿಯ ಮದುವೆ. ಹೆಣ್ಣಿನ ಅಪ್ಪ ತನ್ನ ಕೈಯಾರೆ ಕತ್ತರಿಸಿದ ಉಣ್ಣೆಯ ಕಂಬಳಿಯ ಮೇಲೆಯೇ ಮದುಮಕ್ಕಳು ಕೂರಬೇಕು, ಅದು ಅವರ ಮನೆತನದ ಪದ್ಧತಿ. ಮುಂಬೈಯಲ್ಲಿ ಉಣ್ಣೆ ಎಲ್ಲಿಂದ ತರೋಣ ಹೇಳಿ. ಅದಕ್ಕೇ ಮಾತು ಮೊದಲೇ ಆಗಿತ್ತು.

“ಕೂಲಿ ಬ್ಯಾಡ್ರಿ ಸಾಹೇಬ್ರ, ಉಣ್ಣಿ ಕೊಟ್ರ ಸಾಕು.”

“ಆ ಕೊಳಕು ಕೂದಲು ಯಾರಿಗೆ ಬೇಕು ಮಾರಾಯ, ತೆಕ್ಕೊಂಡು ಹೋಗು” ಎಂದಿದ್ದರು ಚೆನ್ನಯ.

ಐದು ಕುರಿ ಮುಗಿಯಿತು. ಉಣ್ಣೆ ಗೋಣಿತಟ್ಟಿನ ಮೇಲೆ ಗುಡ್ಡೆಯಾಯಿತು. ಖಂಡಪ್ಪನ ಜೀವ ಹಗುರಾಯಿತು, ಬೈಗುಳವೂ ಮರೆತುಹೋಯಿತು. ಉಳಿದದ್ದು ಟಗರು. “ಸುಮ್ಮನ ಬೀಳಲೇ ಭಾಡ್ಯಾ” ಎಂದು ಅದನ್ನು ಕೆಡವಿ, ಕಾಲು ಕಟ್ಟಿ, ಒಂದು ಮಗ್ಗುಲು ಬೋಳು ಮಾಡಿದ. ಇನ್ನೊಂದು ಮಗ್ಗುಲಿಗೆ ಹೊರಳಿಸಬೇಕಾದರೆ ಹಗ್ಗ ಬಿಚ್ಚಬೇಕು, ಆಗ ಯಾರಾದರೂ ಕೊಂಬು ಗಟ್ಟಿಯಾಗಿ ಹಿಡಿದಿರಬೇಕು.

“ನಾನು ಹಿಡೀತೇನೆ, ಫೋಟೋ ಚಂದ ಬರ್ತದೆ” ಎಂದು ಚೆನ್ನಯ ಬಿಳಿ ಪ್ಯಾಂಟಿನಲ್ಲೇ ಮಂಡಿಯೂರಿದರು. ನೋಡಲು ನೆರೆದಿದ್ದ ಸೊಸೈಟಿಯ ಮಕ್ಕಳು ಮೊಬೈಲು ಎತ್ತಿದರು. ಖಂಡಪ್ಪ ಹಗ್ಗ ಬಿಚ್ಚಿದ.

ಕ್ಯಾಮೆರಾಗೆ ಹಲ್ಲು ಬಿಡುತ್ತಲೇ ಚೆನ್ನಯ ಹೇಳಿದರು: “ಹ್ಞಾ, ಆ ಉಣ್ಣೆ ಮುಟ್ಟಬೇಡ. ಯೋಗ ಹಾಲಿಗೆ ದಿಂಬು ಮಾಡಿಸ್ತೇವೆ. ಶಾಂಪೂ ಹಾಕಿದ್ದು ನಾವಲ್ವಾ? ನಿಂಗೆ ಎರಡು ಇಡ್ಲಿ ಕೊಡಿಸ್ತೇನೆ.”

ಖಂಡಪ್ಪ ಬಿಚ್ಚಿದ ಹಗ್ಗವನ್ನು ಕೆಳಗಿಟ್ಟ.

“ಮಾತ ಕೊಟ್ಟಿದ್ರಿ.”

“ಬರೆದು ಕೊಟ್ಟಿದ್ದೇನಾ? ಕತ್ತರಿಸು, ಕತ್ತರಿಸು.”

ಖಂಡಪ್ಪ ಎದ್ದ. ಕತ್ತರಿಯನ್ನು ಟೊಂಕಕ್ಕೆ ಸಿಕ್ಕಿಸಿದ. ಗೋಣಿತಟ್ಟಿನ ನಾಲ್ಕೂ ಮೂಲೆ ಸೇರಿಸಿ ಗಂಟು ಬಿಗಿದು, ತಲೆಯ ಮೇಲಿಟ್ಟುಕೊಂಡ. ಆತುರವೇನೂ ಇರಲಿಲ್ಲ.

“ಏ, ಎಲ್ಲಿಗೆ? ವಾಚ್‌ಮನ್, ಹಿಡಿ ಅವನನ್ನು!”

ವಾಚ್‌ಮನ್ ಬಸು ಓಡಿ ಬಂದವನು ನಡುವೆಯೇ ನಿಂತ. “ಅವನ್ನ ಹಿಡೀಲ್ರಿ ಸಾಹೇಬ್ರ, ಟಗರ ಹಿಡೀಲ್ರಿ?”

ಟಗರು ಆಗಲೇ ಎದ್ದು ನಿಂತಿತ್ತು. ಒಂದು ಕಡೆ ಬೋಳು, ಒಂದು ಕಡೆ ಉಣ್ಣೆ, ಮುಖದಲ್ಲಿ ಮಹಾ ಸಿಟ್ಟು. ಮಕ್ಕಳ ಮೊಬೈಲುಗಳು ಕೆಳಗಿಳಿದಿರಲಿಲ್ಲ.

“ಕೊಂಬ ಬಿಡಬ್ಯಾಡ್ರಿ” ಎಂದ ಖಂಡಪ್ಪ, ನಡೆಯುತ್ತಲೇ. “ಬಿಟ್ರ ಮೊದಲ ಹಿಂದಕ್ಕ ಹೊಕ್ಕೈತಿ. ಆಮ್ಯಾಲೆ ಬರತೈತಿ.”

“ಖಂಡಪ್ಪಣ್ಣ, ಬಾ ಮಾರಾಯ, ಉಣ್ಣೆ ನೀನೇ ಇಟ್ಕೊ...”

“ಇಟ್ಕೊಂಡೇನ್ರಿ.”

ಅವನು ಗೇಟು ದಾಟಿದ. ಹಿಂದೆ ಸಾಹೇಬರ ಬೆವರು ಹತ್ತಿದ ಕೈಯಿಂದ ಒಂದು ಕೊಂಬು ಜಾರಿತು, ಆಮೇಲೆ ಇನ್ನೊಂದು. ಟಗರು ಎರಡು ಹೆಜ್ಜೆ ಹಿಂದಕ್ಕೆ ಇಟ್ಟಿತು.